ನೀರು ಕುಡಿಯದ ಟವಲಿನ ಹಿಂದೆ ಮೂರು ದಿನ

ಶನಿವಾರ ಬೆಳಿಗ್ಗೆ ನಾನು ಹಿತ್ತಲಿಗೆ ಸಗಣಿ ಸಾರಿಸುತ್ತಿದ್ದೆ. ನಮ್ಮ ಯಜಮಾನರ ಅಣ್ಣನ ಹೆಂಡತಿ, ನನ್ನ ಓರಗಿತ್ತಿ ಚೆನ್ನಾಜಮ್ಮಕ್ಕ, ರಾವಂದೂರು ಕಡೆಯ ಮೊದಲ ಬಸ್ಸಿಗೇ ಹುಣಸೂರಿಗೆ ಬಂದು, ಹಿಂಬಾಗಿಲ ಚಿಲಕ ತಾವೇ ತೆಗೆದು ಒಳಗೆ ಬಂದರು. ಮಾತಿಲ್ಲ ಕತೆಯಿಲ್ಲ, ಚೀಲದಿಂದ ಒಂದು ಬಿಳಿ ಟವಲು ತೆಗೆದು ಹಾಸುಗಲ್ಲಿನ ಮೇಲೆ ಹರಡಿದರು. ನನ್ನ ಬಕೆಟ್ಟಿನ ನೀರನ್ನು ಬೊಗಸೆಯಲ್ಲಿ ತೆಗೆದು ಅದರ ಮೇಲೆ ಸುರಿದರು. ನೀರು ಕೆಸುವಿನೆಲೆಯ ಮೇಲೆ ಉರುಳುವ ಹಾಗೆ ಮಣಿಮಣಿಯಾಗಿ ಉರುಳಿ ಕಲ್ಲಿಗೆ ಬಿತ್ತು. ಟವಲು ಒಣಗಿದ್ದು ಒಣಗಿದ್ದ ಹಾಗೇ ಇತ್ತು.

"ನಿನ್ನ ತಂಗಿ ಗಂಡ ಕಾರ್ತೀಕದ ಸೇವೆಗೆ ಅಂತ ನಮ್ಮೂರ ಮಠಕ್ಕೆ ಕೊಟ್ಟದ್ದು ಇದೇ ಕಣೇ," ಎಂದರು. "ಮಡಿಗೆ ಅಂತ ನೀರಿಗಾಕಿದ್ರೆ ನೆನೆಯೋಲ್ಲ. ಲಿಂಗ ಒರಸಿದ್ರೆ ಒದ್ದೆ ಒದ್ದೆಯಾಗೇ ಇರ್ತದೆ. ಜನ ಏನಂತಾವ್ರೆ ಗೊತ್ತಾ? ದನದ ಕೊಬ್ಬು ಬಳ್ದವ್ರೆ ಅಂತಾವ್ರೆ."

ನನ್ನ ಕೈ ಸಗಣಿಯಲ್ಲೇ ನಿಂತುಬಿಟ್ಟಿತು. ದೊಡ್ಡ ಊರಿನ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕುವಾಗ ಕೊಬ್ಬು ಬೆರೆಸುತ್ತಾರೆಂದು ನಾನೂ ಕೇಳಿದ್ದೆ. ತಂಗಿ ಗೌರಿಯ ಗಂಡ ನಂಜುಂಡಪ್ಪ ಅಂಥ ಗಿರಣಿಯಲ್ಲೇ ಹತ್ತು ವರ್ಷ ದುಡಿದು ಬಂದವರು. ಈಗ ಕೆ.ಆರ್. ನಗರದಲ್ಲಿ ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡು, ಮಗ್ಗದವರು ತಂದ ಬಟ್ಟೆಗೆ ಕೊನೆಯ ಹದ ಕೊಡುವ ಕೆಲಸ ಮಾಡುತ್ತಿದ್ದರು.

"ಸೋಮವಾರ ಮಠದ ಜಗಲೀಲಿ ಹಿರೀರು ಸೇರ್ತಾರೆ. ನಿಜ ಅಂತಾದ್ರೆ ಗೌರಿ ಮನೆ ನೀರು ನಮ್ಮೋರು ಯಾರೂ ಮುಟ್ಟೋಂಗಿಲ್ಲ. ನೀನೂ ಮುಟ್ಟೋಂಗಿಲ್ಲ. ಮೊದ್ಲೇ ನಿಂಗೆ ಹೇಳೋಣ ಅಂತ ಬಂದೆ," ಎಂದು ಅಕ್ಕ ಒಂದು ಲೋಟ ಮಜ್ಜಿಗೆ ಕುಡಿದು ಹೊರಟರು.

ಕೈ ತೊಳೆದು, ಯಜಮಾನರಿಗೆ ಅನ್ನ ಬಸಿದಿಟ್ಟು, ಆ ಟವಲು ಮತ್ತು ಒಂದಿಷ್ಟು ಹುರಿದ ಅವಲಕ್ಕಿ ಕಟ್ಟಿಕೊಂಡು ಹೊರಟೆ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಎರಡು ವರ್ಷವಾಗಿತ್ತು, ಆದರೂ ನಾನು ಹತ್ತಿದ ಬಸ್ಸಿನ ಪಕ್ಕೆಯ ಮೇಲೆ ಹಳೆಯ ಹೆಸರೇ ಅರ್ಧ ಅಳಿಸಿಕೊಂಡು ಉಳಿದಿತ್ತು. ಕೆ.ಆರ್. ನಗರಕ್ಕೆ ತೊಂಬತ್ತು ಪೈಸೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಅದು ಶಿವನ ದಯೆ. ಲಕ್ಷ್ಮಣತೀರ್ಥದ ಸೇತುವೆ ದಾಟುವಾಗ ಚಳಿಗಾಳಿಗೆ ಸೆರಗು ತಲೆಗೆಳೆದುಕೊಂಡೆ. ಊರು ಬಿಡುವವರೆಗೂ ಬೇಯಿಸಿದ ಹೊಗೆಸೊಪ್ಪಿನ ವಾಸನೆ. ಅದು ಮುಗಿದ ಮೇಲೆ ಕಾಲುವೆಯ ಗದ್ದೆಗಳು ಬಂದವು, ಅರ್ಧ ಕೊಯ್ದವು, ಅರ್ಧ ನಿಂತವು.

ದಾರಿಯುದ್ದಕ್ಕೂ ನಾನು ಹಳೆಯದನ್ನೆಲ್ಲ ಕೆದಕಿಕೊಂಡೆ. ಹೋದ ವರ್ಷ ನನಗೂ ನಂಜುಂಡಪ್ಪ ಎರಡು ಟವಲು ಕೊಟ್ಟಿದ್ದರು. ಬೆಣ್ಣೆಯ ಹಾಗೆ ಮೆದುವಾಗಿದ್ದವು. ಅದೆಂಥ ಮೆದು ಎಂದು ಆಗ ಹೊಗಳಿದ್ದೆ, ಈಗ ಅದೇ ಮೆದುವಿನ ಮೇಲೆ ಅನುಮಾನ ಬಂತು. ದಿನಾ ಪೂಜೆಗೆ ಅದನ್ನೇ ಬಳಸಿದ್ದೇನೆ. ಕೊಬ್ಬೇ ಆಗಿದ್ದರೆ ನನ್ನ ಒಂದು ವರ್ಷದ ಪೂಜೆ ಎಲ್ಲಿ ಹೋಯಿತು?

ಗೌರಿ ಬಾಗಿಲಲ್ಲಿ ನನ್ನನ್ನು ನೋಡಿದಳು, ಆದರೆ ಮುಖ ಕೊಟ್ಟು ನೋಡಲಿಲ್ಲ. "ಬಾ ಅಕ್ಕ" ಎಂದವಳೇ ಒಳಗೆ ಹೋಗಿ ಒಲೆ ಊದಿದಳು. ಶೆಡ್ಡಿಗೆ ಬೀಗ. ಬೀಗದ ಕೈ ಅವಳ ಸೊಂಟದಲ್ಲಿತ್ತು. ಗಂಡ ಎಲ್ಲಿ ಎಂದು ಕೇಳಿದೆ.

"ಕೋಟೆ ಪಟ್ಟಣಕ್ಕೋಗವ್ರೆ. ಹೊಗೆಸೊಪ್ಪಿನ ಮೂಟೆಗೆ ಹೊದಿಸೋ ಬಟ್ಟೆ ಕೊಟ್ಟಿದ್ರಲ್ಲ, ಆ ಸಾವ್ಕಾರ್ರು ಹೇಳಿಕಳ್ಸಿದ್ರು."

"ಏನಂತೆ?"

"ಏನೋ."

ಏನೋ ಎಂದರೆ ಏನೋ ಇದೆ ಎಂದೇ ಅರ್ಥ. ಚಿಕ್ಕಂದಿನಲ್ಲಿ ಬೆಲ್ಲ ಕದ್ದಾಗಲೂ ಇವಳು ಹಾಗೇ ಅನ್ನುತ್ತಿದ್ದಳು. ತಟ್ಟೆ ಹಾಕಿ ಕರೆದಳು. ನನಗೆ ಆ ಮನೆಯ ಪಾತ್ರೆ ಮುಟ್ಟಲು ಮನಸ್ಸಾಗಲಿಲ್ಲ.

"ಇವತ್ತು ಒಪ್ಪತ್ತು ಕಣೇ," ಎಂದೆ.

"ನಿಂದು ಸೋಮವಾರ ಅಲ್ವಾ? ಶನಿವಾರ ಯಾವಾಗಿಂದ?"

"ಹೊಸದಾಗಿ ಹಿಡಿದಿದ್ದೀನಿ."

"ಯಾವ ದೇವ್ರಿಗೆ?"

ನಾನು ಸೆರಗು ಸರಿಮಾಡಿಕೊಂಡೆ. ಅವಳು ಹಿತ್ತಲಿಗೆ ಹೋಗಿ ಎಳನೀರು ಕೆತ್ತಿ, ಲೋಟಕ್ಕೆ ಬಗ್ಗಿಸದೆ ಬುರುಡೆಯನ್ನೇ ನನ್ನ ಮುಂದಿಟ್ಟಳು. ಅವಳಿಗೆ ಗೊತ್ತಾಗಿತ್ತು. ಸುಳ್ಳು ಹೇಳಿದ್ದಕ್ಕೆ ಒಳಗೊಳಗೇ ತಪ್ಪಾಯಿತೆಂದುಕೊಂಡೆ, ಆದರೂ ಬುರುಡೆಯಲ್ಲೇ ಕುಡಿದೆ.

ಸಂಜೆ ಐದಕ್ಕೆ ನಂಜುಂಡಪ್ಪ ಬಂದರು. ಹೆಗಲ ಮೇಲೆ ದಪ್ಪ ಬಟ್ಟೆಯ ಒಂದು ಹೊರೆ. ಅದನ್ನು ಜಗಲಿಯ ಮೇಲೆ ಎತ್ತಿಹಾಕಿ, "ಅಕ್ಕೋರು ಯಾವಾಗ ಬಂದ್ರಿ?" ಎಂದರು. ನಾನು ಟವಲು ತೆಗೆದು, ಚೊಂಬಿನಿಂದ ನೀರು ಸುರಿದು, ಊರಿನ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಟವಲನ್ನು ಎತ್ತಿ ಒದರಿ ತಾವೂ ಒಮ್ಮೆ ನೀರು ಸುರಿದು ನೋಡಿದರು.

"ಕೊಬ್ಬಲ್ಲ ಅಕ್ಕೋರೇ. ನಮ್ಮಪ್ಪನಾಣೆ. ಬೆಳಿಗ್ಗೆ ಶೆಡ್ಡಿಗೆ ಬನ್ನಿ, ಎಲ್ಲ ತೋರಿಸ್ತೀನಿ."

ತಪ್ಪಿಲ್ಲದವರು ಬೆಳಗಿನವರೆಗೆ ಯಾಕೆ ಕಾಯಬೇಕು ಎಂದು ನನಗೆ ಅನ್ನಿಸದೆ ಇರಲಿಲ್ಲ. ನನ್ನ ಅವಲಕ್ಕಿ ತಿಂದು ಮಲಗಿದೆ.

ಭಾನುವಾರ ಬೆಳಿಗ್ಗೆ ಗೌರಿ ಬೀಗ ತೆಗೆದಳು. ಶೆಡ್ಡಿನೊಳಗೆ ಉದ್ದದ ತೊಟ್ಟಿ, ಕೈಯಲ್ಲಿ ತಿರುಗಿಸುವ ಎರಡು ಉರುಳೆ, ಕೆಳಗೆ ಇದ್ದಿಲ ಕೆಂಡ ಇಟ್ಟು ಕಾಯಿಸುವ ಇನ್ನೊಂದು ಉರುಳೆ. ಗೋಡೆಗೆ ಮೂರು ಡ್ರಮ್ಮು, ಮೂರಕ್ಕೂ ವಿಭೂತಿ ಪಟ್ಟೆ, ಕುಂಕುಮ. ಇಂಗ್ಲಿಷಿನ ಚೀಟಿ.

ನಂಜುಂಡಪ್ಪ ಮೊದಲನೆಯದರ ಮುಚ್ಚಳ ತೆಗೆದರು. ನೀರಿನ ಹಾಗೆ ತಿಳಿಯಾದ ಎಣ್ಣೆ. "ಇದು ಸಿಲಿಕೋನು ಎಣ್ಣೆ, ಬರೀದು. ಹೊಲಿಯೋ ದಾರಕ್ಕೆ ಸವರ್ತೀವಿ, ಮಿಷನ್ನಿನ ಸೂಜಿ ಕಾಯದೆ ಜಾರ್ತದೆ. ಬಣ್ಣದ ತೊಟ್ಟೀಲಿ ನೊರೆ ಉಕ್ಕಿದ್ರೆ ಎರಡು ತೊಟ್ಟು ಹಾಕಿದ್ರೆ ಸಾಕು, ನೊರೆ ಕೂತ್ಕತದೆ."

ಉಳಿದೆರಡು ಡ್ರಮ್ಮಿನಲ್ಲಿ ಇದ್ದದ್ದು ಹಾಲಿನ ಹಾಗೆ ಬೆಳ್ಳಗೆ. ಅದೇ ಎಣ್ಣೆಯ ಜಾತಿಯವನ್ನು ನೀರಿನೊಂದಿಗೆ ಕಡೆದು ಹಾಲು ಮಾಡಿರುತ್ತಾರಂತೆ. ಒಂದು ಡ್ರಮ್ಮಿನದು ಬಟ್ಟೆಗೆ ಮೆದು ಕೊಡುವುದು. ಟವಲಿಗೆ, ಪಂಚೆಗೆ, ಕೂಸಿನ ಬಟ್ಟೆಗೆ ಅದು. ಇನ್ನೊಂದು ನೀರು ತಡೆಯುವುದು. ಕಾದ ಉರುಳೆ ತಾಗಿದರೆ ಬಟ್ಟೆಗೆ ಕಚ್ಚಿಕೊಂಡು ಮಳೆ, ಮಂಜು ಒಳಗೆ ಬಿಡುವುದಿಲ್ಲ. ಹೊಗೆಸೊಪ್ಪಿನ ಮೂಟೆಗೆ, ಕಾಡಿನ ಕೆಲಸದವರ ಹೊದಿಕೆಗೆ ಅದು. ಮೆದು ಕೊಡುವುದರಲ್ಲೂ ಬಗೆಗಳಿವೆಯಂತೆ. ಈಚೆಗೆ ಬಂದ ಒಂದು ಬಗೆ ರೇಷ್ಮೆಗಿಂತ ನಯ ಕೊಡುತ್ತದೆ, ಆದರೆ ಬಿಸಿ ಹೆಚ್ಚಾದರೆ ಬಿಳಿ ಬಟ್ಟೆ ಅರಿಶಿನಕ್ಕೆ ತಿರುಗುತ್ತದೆ, ಹಾಗಾಗಿ ತಾವು ಅದನ್ನು ತರಿಸಿಲ್ಲ ಎಂದರು.

"ಯಾವ ಬೀಜದಿಂದ ತೆಗೀತಾರೆ?" ಎಂದು ಕೇಳಿದೆ.

"ಬೀಜದಿಂದಲ್ಲ, ಪ್ರಾಣಿಯಿಂದಲೂ ಅಲ್ಲ. ಮೂಲ ಮರಳು."

ನನಗೆ ಸಿಟ್ಟು ಬಂತು. ಮರಳು ಹಿಂಡಿ ಎಣ್ಣೆ ತೆಗೆದ ಹಾಗೆ ಎಂದು, ಆಗದ ಹೋಗದ ಕೆಲಸಕ್ಕೆ ನಮ್ಮ ಹಿರಿಯರು ಮಾತು ಮಾಡಿಟ್ಟಿದ್ದಾರೆ. ಸುಳ್ಳು ಹೇಳುವವರು ಬೇರೇನಾದರೂ ಹೇಳಬಾರದೆ? "ನನ್ನ ಕಿವೀಗೆ ಹೂವು ಇಡಬೇಡಿ ನಂಜುಂಡಪ್ಪ," ಎಂದೆ.

ಅವರು ನಗಲಿಲ್ಲ. ಒಂದು ಬತ್ತಿಯನ್ನು ಮೊದಲನೆಯ ಎಣ್ಣೆಯಲ್ಲಿ ಅದ್ದಿ ಹಣತೆಯಲ್ಲಿಟ್ಟು ಹಚ್ಚಿದರು. ಕೊಬ್ಬು ಸುಟ್ಟ ನಾತ ಹೇಗಿರುತ್ತದೆಂದು ಗೊತ್ತಿಲ್ಲದವಳಲ್ಲ ನಾನು. ಆ ನಾತ ಬರಲಿಲ್ಲ. ಆರಿದ ಮೇಲೆ ನೋಡಿದರೆ ಬತ್ತಿಯ ತುದಿಯಲ್ಲಿ ಬೆಳ್ಳನೆಯ ಪುಡಿ ಕಟ್ಟಿತ್ತು. ಬೆರಳಿನಿಂದ ಮುಟ್ಟಿದೆ, ನುಣ್ಣನೆಯ ಮರಳಿನ ಹಾಗೆ ಇತ್ತು. ಬೆಳ್ಳಗಿದೆಯೆಂದು ಹಣೆಗೆ ಇಟ್ಟುಕೊಳ್ಳಲಿಲ್ಲ, ಸೀರೆಗೆ ಒರೆಸಿಕೊಂಡೆ. ನನ್ನ ಅನುಮಾನ ಅರ್ಧ ಇಳಿಯಿತು, ಅರ್ಧ ಉಳಿಯಿತು. ಇದು ಕೊಬ್ಬಲ್ಲ ಸರಿ, ಟವಲಿಗೆ ಹಾಕಿದ್ದು ಇದೇ ಎಂದು ಹೇಗೆ ನಂಬುವುದು?

ಜಗಲಿಯ ಮೇಲಿನ ಹೊರೆ ನೆನಪಾಗಿ, "ಕೋಟೆ ಸಾವ್ಕಾರರ ಬಟ್ಟೆಗೆ ಏನಾಗಿದೆ?" ಎಂದೆ.

"ಮಂಜಿನ ನೀರೆಲ್ಲ ಒಳಗೆ ಇಳಿದು ಒಂದು ಮೂಟೆ ಸೊಪ್ಪು ಬೂಷ್ಟು ಹಿಡಿದದೆ. ಚೀಟಿ ನೋಡೇ ಹಾಕಿದ್ದು, ಯಾಕಿಂಗಾಯ್ತು ಅಂತ ನಂಗೂ ತಿಳೀತಿಲ್ಲ."

ನಾನು ಅದಕ್ಕೂ ನೀರು ಸುರಿದೆ. ಬಟ್ಟೆ ನೀರನ್ನು ಗಟಗಟನೆ ಕುಡಿಯಿತು. ಸವರಿ ನೋಡಿದೆ. ಒರಟು ದಾರದ ಬಟ್ಟೆ, ಆದರೂ ಕೂಸಿನ ಕೆನ್ನೆಯ ಹಾಗೆ ಮೆದು. ನೆನೆಯಬೇಕಾದ್ದು ನೆನೆಯುತ್ತಿಲ್ಲ, ನೆನೆಯಬಾರದ್ದು ನೆನೆಯುತ್ತಿದೆ. ಒಲೆಯ ಮೇಲೆ ಎರಡು ಪಾತ್ರೆ ಇಟ್ಟವಳಿಗೆ ಯಾವುದರ ಉಪ್ಪು ಯಾವುದಕ್ಕೆ ಬಿತ್ತೆಂದು ತಿಳಿಯಲು ಎಷ್ಟು ಹೊತ್ತು ಬೇಕು? ಹಾಲಿನ ಡ್ರಮ್ಮುಗಳ ಹತ್ತಿರ ಬಗ್ಗಿ ಚೀಟಿಗಳನ್ನು ನೋಡಿದೆ. ಅಕ್ಷರ ನನಗೆ ತಿಳಿಯದು. ಆದರೆ ಒಂದರ ಮೂಲೆಯಲ್ಲಿ ಒಣಗಿದ ಅನ್ನದ ಅಗುಳು ಕಾಣಿಸಿತು.

"ಕಂಪನಿಯೋರು ಅನ್ನ ಮೆತ್ತಿ ಚೀಟಿ ಅಂಟಿಸ್ತಾರಾ?"

ಹಿಂದೆ ಗೌರಿಯ ಬಳೆ ಸದ್ದಾಯಿತು. ಬಾಗಿಲ ಹೊಸ್ತಿಲ ಮೇಲೆ ಕುಳಿತಿದ್ದಳು.

"ಆಯುಧಪೂಜೆ ದಿನ ನಾನೇ ತೊಳೆದೆ," ಎಂದಳು. "ಎಲ್ಲಾ ಸಾಮಾನೂ ತೊಳೀಬೇಕಲ್ಲ, ಇವನ್ನೊಂದು ಯಾಕೆ ಬುಡೋದು ಅಂತ ಬಿಸ್ನೀರು ಹಾಕಿ ಉಜ್ಜಿದೆ. ಚೀಟಿ ಎರಡೂ ಕಳಚ್ಕೊಂಡ್ವು. ಒಣಗ್ಸಿ, ಅಗುಳಾಕಿ ಅಂಟಿಸ್ದೆ. ಎರಡೂ ಇಂಗ್ಲೀಷು, ಎರಡೂ ಹಾಲು. ಯಾವ್ದು ಯಾವ್ದಕ್ಕೆ ಅಂತ ನಂಗೇನು ಗೊತ್ತು? ಹೋದ ವಾರ ಕೋಟೆಯಿಂದ ಹೇಳಿಕಳ್ಸಿದಾಗ ನನ್ನಿಂದ್ಲೇ ಆಯ್ತೇನೋ ಅನ್ನಿಸ್ತು. ಬಾಯೇ ಬರ್ಲಿಲ್ಲ ಅಕ್ಕ."

ನಂಜುಂಡಪ್ಪ ಗಟ್ಟಿ ಸ್ವರದ ಮನುಷ್ಯ. ಈಗ ಕೂಗುತ್ತಾರೆಂದು ನಾನು ಗೌರಿಯ ಮುಂದೆ ಹೋಗಿ ನಿಂತೆ. ಅವರು ಕೂಗಲಿಲ್ಲ. "ಮೊದಲ ಟವಲು ಒಣಗಿದ ಕೂಡ್ಲೇ ಒಂದು ತೊಟ್ಟು ನೀರಾಕಿ ನೋಡ್ಬೇಕಿತ್ತು. ಗಿರಣೀಲಿ ಹತ್ತು ವರ್ಷ ಅದನ್ನೇ ಮಾಡಿದೋನು ನಾನು. ಕಾರ್ತೀಕದ ಅವಸರಕ್ಕೆ ಬುಟ್ಬುಟ್ಟೆ," ಎಂದು ಶೆಡ್ಡಿನಿಂದ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಬಂದು, ಹಿರಿಯರ ಮುಂದೆ ತಪ್ಪು ನನ್ನದೇ ಎನ್ನುತ್ತೇನೆ, ಗೌರಿಯ ಹೆಸರು ಬರುವುದು ಬೇಡ ಎಂದರು.

ಆ ಬೆಳಿಗ್ಗೆ ಗೌರಿ ತಟ್ಟಿದ ಅಕ್ಕಿರೊಟ್ಟಿ ಮೂರು ತಿಂದೆ, ಅವಳ ತಟ್ಟೆಯಲ್ಲೇ. "ಒಪ್ಪತ್ತು ಮುಗೀತಾ?" ಎಂದು ಕೇಳಿದಳು. "ಬಾಯ್ಮುಚ್ಕೊಂಡು ಇನ್ನೊಂದು ಹಾಕು," ಎಂದೆ.

ಮಧ್ಯಾಹ್ನದ ಬಸ್ಸಿಗೆ ಮೂವರೂ ಹುಣಸೂರಿಗೆ ಬಂದು ಆ ರಾತ್ರಿ ನಮ್ಮ ಮನೆಯಲ್ಲಿ ಉಳಿದೆವು. ಸೋಮವಾರ ಬೆಳಗಿನ ಜಾವಕ್ಕೇ ಪಿರಿಯಾಪಟ್ಟಣದ ಬಸ್ಸು ಹಿಡಿದೆವು. ಮಂಜು ಎಷ್ಟಿತ್ತೆಂದರೆ ಚಾಲಕ ತಲೆ ಹೊರಗೆ ಹಾಕಿಯೇ ಓಡಿಸಿದ. ನನ್ನ ಪಕ್ಕ ಗುರುಪುರದ ಕಡೆಯ ಒಬ್ಬ ಟಿಬೆಟ್ಟಿನ ಹೆಂಗಸು, ಮಡಿಲಲ್ಲಿ ಮಾರುವ ಸ್ವೆಟರುಗಳ ಗಂಟು. ಒಂದನ್ನು ಸವರಿ ನೋಡಿದೆ, ತುಂಬ ಮೆದುವಾಗಿತ್ತು. ಆ ಮೂರು ದಿನ ಮೆದುವಾದದ್ದೆಲ್ಲ ನನಗೆ ಅನುಮಾನವೇ.

"ಇದಕ್ಕೆ ಎಣ್ಣೆ ಏನಾದ್ರೂ ಹಾಕ್ತೀರಾ?"

ಆಕೆ ಯೋಚಿಸಿ, "ಬಟ್ಟೆಗೆ ಇಲ್ಲ ಅಮ್ಮಾ. ಚಾಗೆ ಬೆಣ್ಣೆ ಹಾಕ್ತದೆ," ಎಂದಳು. ಎರಡು ದಿನದಲ್ಲಿ ಗೌರಿ ಮೊದಲ ಸಲ ನಕ್ಕಳು. ಅದನ್ನೂ ಒಂದು ದಯೆಯೆಂದೇ ಲೆಕ್ಕಕ್ಕೆ ಹಿಡಿದೆ.

ಪಿರಿಯಾಪಟ್ಟಣದಲ್ಲಿ ಬಸ್ಸು ಬದಲಿಸಿ ರಾವಂದೂರಿಗೆ ಇಳಿದಾಗ ಎಂಟೂವರೆ. ಅಲ್ಲಿಂದ ನಮ್ಮ ಯಜಮಾನರ ಹಳ್ಳಿಗೆ ಒಂದು ಮೈಲಿ ನಡಿಗೆ. ದೂರದಲ್ಲಿ ಮಂಜಿನ ಮೇಲೆ ಬೆಟ್ಟದಪುರದ ಬೆಟ್ಟದ ತುದಿ ಮಾತ್ರ ಕಾಣುತ್ತಿತ್ತು. ಬೆಟ್ಟದ ಮೇಲಿರುವ ಶಿವನಿಗೆ ರಸ್ತೆಯಿಂದಲೇ ಕೈಮುಗಿದೆ. ಏನು ಬೇಡಬೇಕೆಂದು ತೋಚಲಿಲ್ಲ, ನಿಜ ಹೊರಗೆ ಬರಲಿ ಎಂದಷ್ಟೇ ಬೇಡಿದೆ.

ಮಠದ ಜಗಲಿಯಲ್ಲಿ ಹದಿನೈದು ಜನ ಕೂತಿದ್ದರು. ಒಂದು ಕಡೆ ಊರ ಯಜಮಾನರು, ಇನ್ನೊಂದು ಕಡೆ ಕಂಬಕ್ಕೆ ಒರಗಿ ಮಾದೇವಮ್ಮಜ್ಜಿ. ಅಜ್ಜಿಗೆ ಎಂಬತ್ತು ದಾಟಿತ್ತು, ಮಠದ ಮಡಿ ಮೈಲಿಗೆಯ ವಿಷಯದಲ್ಲಿ ಅವರ ಮಾತೇ ಕೊನೆ. ಟವಲುಗಳನ್ನು ಮೂಟೆ ಕಟ್ಟಿ ಮೆಟ್ಟಿಲ ಕೆಳಗೆ ಇಟ್ಟಿದ್ದರು, ಯಾರೂ ಮುಟ್ಟುತ್ತಿರಲಿಲ್ಲ. ಚೆನ್ನಾಜಮ್ಮಕ್ಕ ನನ್ನನ್ನು ಕಂಡರೂ ಕರೆಯಲಿಲ್ಲ.

ನಂಜುಂಡಪ್ಪ ತಂದಿದ್ದ ಬಾಟಲಿ ತೋರಿಸಿ, ಬತ್ತಿ ಸುಟ್ಟು ತೋರಿಸುತ್ತೇನೆ ಎಂದರು.

"ಬಾಟ್ಲೀಲಿ ಏನ್ ಬೇಕಾದ್ರೂ ತರಬೋದು ಕಣಪ್ಪ," ಎಂದ ಒಬ್ಬ. "ಟವಲಿಗೆ ಬಳ್ದಿರೋದು ಇದೇ ಅಂತ ಯಾರು ಕಂಡವ್ರೆ?"

ನನಗೆ ಬಂದಿದ್ದ ಅನುಮಾನವೇ ಅದು, ಹಾಗಾಗಿ ಕೋಪ ಬರಲಿಲ್ಲ. ನಾನು ಹೆಂಗಸರ ಸಾಲಿನಿಂದ ಎದ್ದು, "ಅಜ್ಜೀ, ಬಾಟ್ಲಿ ಬ್ಯಾಡ. ಆ ಮೂಟೆಯ ಟವಲನ್ನೇ ಕುದಿಸಿ. ಇನ್ನೊಂದು ಪಾತ್ರೇಲಿ ಯಾವುದಾದರೂ ಬಟ್ಟೆಗೆ ತುಪ್ಪ ಸವರಿ ಅದನ್ನೂ ಕುದಿಸಿ. ಈ ಚಳೀಲಿ ಎರಡನ್ನೂ ಆರಕ್ಕೆ ಬುಡಿ. ಜಿಡ್ಡಿದ್ರೆ ಮೇಲೆ ಕೆನೆ ಕಟ್ಟಬೇಕಲ್ಲ?" ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಡಿಗೆ ಮಾಡೋಳ ಮಾತು. ಒಲೆ ಹಚ್ಚಿ," ಎಂದರು.

ಎರಡು ಮಡಕೆ ಇಟ್ಟರು. ಅಜ್ಜಿಯೇ ಮೂಟೆಗೆ ಕೈಹಾಕಿ ನಾಲ್ಕು ಟವಲು ಆರಿಸಿದರು. ಕುದಿಸಿ ಇಳಿಸಿ, ಮಂಜು ಬೀಳುವ ಅಂಗಳದಲ್ಲಿ ಇಟ್ಟು ಕಾದೆವು. ತುಪ್ಪದ ಮಡಕೆಯ ಅಂಚಿಗೆ ಮೊದಲು ಹಳದಿ ಬಳೆ ಕಟ್ಟಿತು, ಆಮೇಲೆ ಮೇಲೆಲ್ಲ ಹೆಪ್ಪಾಯಿತು. ಟವಲಿನ ಮಡಕೆಯಲ್ಲಿ ನೀರು ನೀರಾಗಿಯೇ ಇತ್ತು. ಅಜ್ಜಿ ಎರಡಕ್ಕೂ ಬೆರಳು ಅದ್ದಿದರು, ಮೂಸಿದರು. ಕುದಿದ ಟವಲನ್ನು ಎತ್ತಿ ಒದರಿ ಒಂದು ಚೊಂಬು ನೀರು ಹಾಕಿದರು. ಅದು ಆಗಲೂ ಉರುಳಿ ಬಿತ್ತು.

"ಕೊಬ್ಬಲ್ಲ. ಏನು ಅನ್ನೋದು ನಂಗೆ ತಿಳೀಲಿಲ್ಲ, ಕೊಬ್ಬಂತೂ ಅಲ್ಲ," ಎಂದರು.

ಮುಗಿಯಿತೆಂದುಕೊಂಡೆ. ಆದರೆ ಬಾಟಲಿಯ ಮಾತೆತ್ತಿದ್ದವನು ಬಿಡಲಿಲ್ಲ. "ಹೊಗೆಸೊಪ್ಪಿಗೆ ಅಂತ ತರಿಸಿ ಮಿಕ್ಕಿದ್ದನ್ನ ಮಠಕ್ಕೆ ಬಳ್ದವ್ರೆ. ಸೇವೆ ಅಂದ್ರೆ ಯಾರು ಕೇಳ್ತಾರೆ ಅಂತ ಬೇಕಂತ್ಲೇ ಮಾಡಿರೋದು. ಅದೂ ಮೋಸವೇ."

ನಂಜುಂಡಪ್ಪ, "ನನ್ನ ಕೈತಪ್ಪು" ಎಂದರು. ಯಾವ ಕೈತಪ್ಪು, ಹೇಗೆ ಎಂದು ಊರ ಯಜಮಾನರು ಕೇಳಿದರೆ ತೊದಲಿದರು. ಸುಳ್ಳು ಅವರಿಗೆ ಒಗ್ಗಿದ ಕೆಲಸವಲ್ಲ. ಜಗಲಿಯಲ್ಲಿ ಗುಸುಗುಸು ಎದ್ದಿತು. ನಾನು ಗೌರಿಯ ಕಡೆ ನೋಡಲಿಲ್ಲ. ಅವಳು ಹೇಳಿದರೆ ಊರು ನಗುತ್ತದೆ, ಹೇಳದಿದ್ದರೆ ಗಂಡ ಮೋಸಗಾರನಾಗುತ್ತಾನೆ. ಅದನ್ನು ನಾನು ಹೇಳಿಕೊಡುವಂಥದ್ದಲ್ಲ.

"ಅವರದ್ದಲ್ಲ, ನನ್ನ ತಪ್ಪು," ಎಂದು ಗೌರಿ ಎದ್ದಳು. ತೊಳೆದದ್ದು, ಚೀಟಿ ಕಳಚಿದ್ದು, ಅಗುಳು ಮೆತ್ತಿದ್ದು, ಹೆದರಿ ಬಾಯಿ ಮುಚ್ಚಿಕೊಂಡದ್ದು, ಒಂದನ್ನೂ ಬಿಡದೆ ಹೇಳಿದಳು. ಇಬ್ಬರು ಗಂಡಸರು ನಕ್ಕರು. "ಹೆಂಗಸರ ಕೈಗೆ ಕಾರ್ಖಾನೆ ಕೊಟ್ರೆ ಇಂಗೇ," ಎಂದ ಒಬ್ಬ.

ಅಜ್ಜಿ ಅವನತ್ತ ತಿರುಗಿ, "ನಿನ್ನ ಗಾಡಿ ನೊಗ ಹಬ್ಬದಲ್ಲಿ ಯಾರ್ಲಾ ತೊಳೆಯೋದು? ನೀನಾ?" ಎಂದರು. ಅವನು ತಲೆ ತಗ್ಗಿಸಿದ. "ಪೂಜೆಗೆ ತೊಳೆದದ್ದು ತಪ್ಪಲ್ಲ ಕಣವ್ವ. ಗೊತ್ತಿಲ್ದೆ ಅಂಟಿಸಿದ್ದು ತಪ್ಪು. ಬಾಯ್ಮುಚ್ಕೊಂಡಿದ್ದು ಅದಕ್ಕಿಂತ ದೊಡ್ಡ ತಪ್ಪು," ಎಂದು ಗೌರಿಗೆ ಹೇಳಿ, ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ, "ಹೊಗೆ ಕುಡಿದು ಗಂಟಲು ಒಣಗದೆ. ಒಂದು ಚೊಂಬು ನೀರು ಸೇದ್ಕೊಂಬಾ," ಎಂದರು.

ಹತ್ತಿರದಲ್ಲೇ ಇದ್ದ ಚೆನ್ನಾಜಮ್ಮಕ್ಕ ಎದ್ದರು. ಅಜ್ಜಿ ಕೈಯೆತ್ತಿ ತಡೆದರು. "ನೀನಲ್ಲ. ಅವಳು."

ಗೌರಿ ಬಾವಿಗೆ ಹೋದಳು. ರಾಟೆ ಕಿರುಗುಟ್ಟುವುದು ಜಗಲಿಯವರೆಗೂ ಕೇಳಿತು. ತುಂಬಿದ ಚೊಂಬು ಹಿಡಿದು ಬೇಗ ಬೇಗ ಬರುವಾಗ ಅರ್ಧ ನೀರು ಅವಳ ಸೀರೆಗೆ ಚೆಲ್ಲಿತು. ಅಜ್ಜಿ ಉಳಿದರ್ಧವನ್ನು ಎಲ್ಲರೂ ಕಾಣುವಂತೆ ನಿಧಾನವಾಗಿ ಕುಡಿದರು.

"ಈ ಮೂಟೆ ತಗೊಂಡೋಗಿ," ಎಂದು ನಂಜುಂಡಪ್ಪನವರಿಗೆ ಹೇಳಿದರು. "ಮಾಘದೊಳಗೆ ನೀರು ಕುಡಿಯೋ ಟವಲು ತಂದ್ಕೊಡಿ."

ಮಧ್ಯಾಹ್ನ ಚೆನ್ನಾಜಮ್ಮಕ್ಕನ ಮನೆಯಲ್ಲಿ ಮುದ್ದೆ, ಹುರುಳಿ ಸಾರು. ಅಕ್ಕ ಗೌರಿಯ ತಟ್ಟೆಗೇ ಮೊದಲು ಬಡಿಸಿದರು, ಆದರೆ ಮಾತು ಕಡಿಮೆ. ಊರಿನ ಅನುಮಾನ ಒಂದು ಚೊಂಬು ನೀರಿಗೆ ಪೂರ್ತಿ ತೊಳೆದು ಹೋಗುವುದಿಲ್ಲ, ಅದು ನನಗೂ ಗೊತ್ತು.

ಊಟ ಮುಗಿಸಿ ಮೂವರೂ ಹಿಂದಿರುಗಿ ಹೊರಟೆವು. ಪಿರಿಯಾಪಟ್ಟಣ ದಾಟಿದ ಮೇಲೆ ನಂಜುಂಡಪ್ಪ ಕಿಟಕಿಯ ಕಡೆ ನೋಡುತ್ತಲೇ, "ಡ್ರಮ್ಮಿನ ಮೇಲೆ ಬಣ್ಣದಲ್ಲಿ ಕನ್ನಡದಲ್ಲೇ ಬರೆಸ್ತೀನಿ. ಎಷ್ಟು ಬಿಸ್ನೀರಾಕಿ ಉಜ್ಜಿದ್ರೂ ಹೋಗಬಾರ್ದು," ಎಂದರು. "ನಾನೇ ಬರೀತೀನಿ," ಎಂದಳು ಗೌರಿ. ಹುಣಸೂರಿನಲ್ಲಿ ನಾನು ಇಳಿದೆ, ಅವರು ಕೆ.ಆರ್. ನಗರದ ಬಸ್ಸಿಗೆ ಓಡಿದರು. ಟವಲಿನ ಮೂಟೆಯನ್ನು ಬಸ್ಸಿನ ತಲೆಯ ಮೇಲೆ ಎತ್ತಿಹಾಕುವುದು ಕಂಡಿತು. ಅದು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿದೆ.

ಮನೆಯಲ್ಲಿ ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಆ ಎಣ್ಣೆ ಮರಳಿನದೆಂದು ನನಗೆ ಇವತ್ತಿಗೂ ಪೂರ್ತಿ ನಂಬಿಕೆಯಿಲ್ಲ, ಅದನ್ನು ಅವರಿಗೆ ವಿವರಿಸುವ ಶಕ್ತಿಯೂ ಆಗ ಇರಲಿಲ್ಲ.

"ಏನಾಯ್ತು?" ಎಂದರು.

"ಅಜ್ಜಿ ಅವಳ ಕೈಯಿಂದ ನೀರು ಕುಡಿದ್ರು," ಎಂದೆ.

ಅವರು ತಲೆಯಾಡಿಸಿ ಒಳಗೆ ಹೋದರು. ಮಾರ್ಕೆಟ್ಟಿನಿಂದ ಅವರು ತಂದಿಟ್ಟಿದ್ದ ಅವರೆಕಾಯಿ ಬುಟ್ಟಿ ಅಡಿಗೆಮನೆಯ ಬಾಗಿಲಲ್ಲೇ ಇತ್ತು. ಕಾಲು ತೊಳೆದು ಬಂದು, ಮೊರ ಮುಂದಿಟ್ಟುಕೊಂಡು ಸುಲಿಯಲು ಕುಳಿತೆ.